ನಕ್ಷತ್ರವೇ ಕಾಣದ ಮಳೆಗಾಲದಲ್ಲೂ ಟೆಲಿಸ್ಕೋಪಿಗೆ ದಿನಾ ತಪಾಸಣೆ ಬೇಕಾ ಮಾರಾಯ್ರೆ?

ಗುಂಪೆ ಟೀಚರ್, ಕಾಸರಗೋಡು
ನಮಸ್ಕಾರ. ಒಂದು ಜಗಳ ತಂದಿದ್ದೇನೆ, ಯಾರಾದರೂ ತೀರ್ಮಾನ ಮಾಡಿಕೊಡಿ.

ನಮ್ಮ ಕನ್ನಡ ಮೀಡಿಯಂ ಹೈಸ್ಕೂಲಿನ ಟೆರೇಸಿನಲ್ಲಿ ಹತ್ತು ಇಂಚಿನ ಟೆಲಿಸ್ಕೋಪ್ ಉಂಟು. 2019 ಡಿಸೆಂಬರ್ 26ರ ಕಂಕಣ ಗ್ರಹಣ ನೋಡ್ಲಿಕ್ಕೆ ಚೆರುವತ್ತೂರಿಗೆ ಹೋಗಿ ಬಂದ ಹಳೆ ವಿದ್ಯಾರ್ಥಿಗಳಿಗೆ ಹುಚ್ಚು ಹತ್ತಿ, ದುಡ್ಡು ಒಟ್ಟು ಮಾಡಿ ಕೊಡಿಸಿದ್ದು. ಆಮೇಲೆ ಅವರಲ್ಲೇ ಒಬ್ಬ ಸಣ್ಣ ಸ್ಪೆಕ್ಟ್ರೋಗ್ರಾಫ್ ಮಾಡಿಕೊಟ್ಟ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ಹರಡುವ ಪೆಟ್ಟಿಗೆ ಅದು. ಮೈ 3ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್, ಹಿಂದೆ ತಂಪು ಮಾಡಿಕೊಳ್ಳುವ ಕ್ಯಾಮೆರಾ.

ಲಾಂಗ್ ಬೆಲ್ ಆದ ಮೇಲೆ ಒಂಬತ್ತನೇ ಕ್ಲಾಸಿನ ಇಬ್ಬರು ಮಕ್ಕಳು ದಿನಾ ತಪಾಸಣೆ ಮಾಡಿ ಪುಸ್ತಕದಲ್ಲಿ ಬರೀಬೇಕು ಅಂತ ನನ್ನ ನಿಯಮ. ಕ್ಯಾಮೆರಾ −10 ಡಿಗ್ರಿಗೆ ಇಳೀತದಾ? ಮುಚ್ಚಳ ಹಾಕಿ ತೆಗೆದ ಖಾಲಿ ಚಿತ್ರದ ಸರಾಸರಿ ಎಷ್ಟು? ನಿಯಾನ್ ದೀಪದ 5852 ಆಂಗ್‌ಸ್ಟ್ರಾಮ್ (ಬೆಳಕಿನ ಅಲೆಯ ಉದ್ದದ ಅಳತೆ) ಗೆರೆ ಯಾವ ಪಿಕ್ಸೆಲಿನಲ್ಲಿ ಬೀಳ್ತದೆ? ಕಪಾಟಿನ ಒಳಗೆ ತೇವ ಎಷ್ಟು, ಕರೆಂಟ್ ಇತ್ತಾ, ಜೇಡ ಇಲಿ ಏನಾದ್ರೂ ಬಂತಾ? ಇಪ್ಪತ್ತು ನಿಮಿಷದ ಕೆಲಸ.

ಹೆಡ್ ಮಾಷ್ಟ್ರು ಹೇಳುವುದು: ಜೂನಿನಿಂದ ಸೆಪ್ಟೆಂಬರ್ ತನಕ ಒಂದು ನಕ್ಷತ್ರ ಕಾಣುದಿಲ್ಲ, ಬೀಗ ಹಾಕಿ ಅಕ್ಟೋಬರಿನಲ್ಲಿ ತೆಗೀರಿ, ಮಕ್ಕಳಿಗೆ ಬಸ್ ತಪ್ಪುದು ಬೇಡ. ಅವರು ಹೇಳುದ್ರಲ್ಲಿಯೂ ನ್ಯಾಯ ಉಂಟು.

ಇನ್ನೊಂದು ಮಂಡೆಬಿಸಿ. ಮಳೆಗಾಲಕ್ಕೆ ಸ್ಪೆಕ್ಟ್ರೋಗ್ರಾಫನ್ನು ಕಳಚಿ ಮರದ ಕಪಾಟಿನಲ್ಲಿಟ್ಟಿದ್ದೇವೆ, ಬಾಗಿಲು ತೆಗೀದೆ ಅಲ್ಲಿಂದಲೇ ಓದುದು. ಕೂತಲ್ಲೇ ಕೂತ ಪೆಟ್ಟಿಗೆಯಲ್ಲಿ ನಿಯಾನ್ ಗೆರೆ ಸುಮಾರು ಮೂರು ಪಿಕ್ಸೆಲ್ ಸರಿದಿದೆ. ಯಾಕೆ? ಪುಸ್ತಕದಿಂದ ಕೆಲವು ಸಾಲು ಹಾಕ್ತೇನೆ.

ಜೂನ್ 2: ಗೆರೆ 1412.3, ಕ್ಯಾಮೆರಾ −10, ತೇವ 84, ಕರೆಂಟ್ ಉಂಟು
ಜೂನ್ 4: 1412.4, −10, ತೇವ 85, ಉಂಟು. ಕಪಾಟಿನಲ್ಲಿ ಬೂಷ್ಟಿನ ವಾಸನೆ
ಜೂನ್ 9: 1414.8, −10, ತೇವ 58, ಉಂಟು
ಜೂನ್ 12: 1415.1, −10, ತೇವ 57, ಉಂಟು
ಜೂನ್ 17: 1412.6, −10, ತೇವ 76, ನಿನ್ನೆ ರಾತ್ರಿಯಿಂದ ಇಲ್ಲ, ಇವತ್ತು 3:40ಕ್ಕೆ ಬಂತು
ಜೂನ್ 18: 1415.0, −10, ತೇವ 59, ಉಂಟು
ಜೂನ್ 23: 1415.1, −10, ತೇವ 57, ಇಡೀ ದಿನ ಇಲ್ಲ
ಜೂನ್ 26: 1415.2, −10, ತೇವ 57, ಉಂಟು

ಆದೋನಿ ಹತ್ತಿ
ಹೆಡ್ ಮಾಸ್ಟರ್ ಹೇಳಿದ್ದೇ ಸರಿ. ಬಳಸದ ಯಂತ್ರಕ್ಕೆ ದಿನಾ ಯಾಕೆ ಪೂಜೆ? ಅಷ್ಟು ಬೇಕಿದ್ದರೆ ಒಂದು ಸಣ್ಣ ಕಂಪ್ಯೂಟರ್ ಇಟ್ಟು ಸ್ಕ್ರಿಪ್ಟ್ ಬರೆದುಬಿಡಿ. ದಿನಾ 4:15ಕ್ಕೆ ತಾನೇ ನಿಯಾನ್ ಹಚ್ಚಿ, ಚಿತ್ರ ತೆಗೆದು, ಗೆರೆ ಅಳೆದು ಮೇಲ್ ಕಳಿಸುತ್ತೆ. ಮಕ್ಕಳು ಮನೆಗೆ ಹೋಗಿ ಆಡಿಕೊಳ್ಳಲಿ.

ಪೆರ್ಲದ ಅಡಿಕೆ
ಆಡ್ಲಿಕ್ಕೆ ಹೋಗುದಾ? ನಮ್ಮಲ್ಲಿ ಜೂನ್ ಮಳೆ ಒಮ್ಮೆ ಬಂದು ನೋಡಿ ಹತ್ತಿ ಅವರೇ. ಅಂಗಳಕ್ಕೆ ಇಳಿದ್ರೆ ಚಪ್ಪಲಿ ಹೊಳೆಗೆ.

ಟೀಚರ್, ನನಗೆ ನಿಯಾನ್ ಗಿಯಾನ್ ಗೊತ್ತಿಲ್ಲ. ಆದರೆ ತೋಟಕ್ಕೆ ಮದ್ದು ಬಿಡುವಾಗ ಬೋರ್ಡೋ ಮಾಡ್ತೇವಲ್ಲ, ಮೈಲುತುತ್ತು ಮತ್ತು ಸುಣ್ಣ ಸೇರಿಸಿ. ಪ್ರತಿ ಸಲ ಉಜ್ಜಿದ ಕತ್ತಿಯನ್ನು ಅದ್ದಿ ನೋಡುದು ನನ್ನ ಅಪ್ಪನ ಕಾಲದಿಂದಲೂ ಉಂಟು. ಕತ್ತಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಹಾಗೇ ಬಿಟ್ಟರೆ ಗೊನೆ ಸುಟ್ಟು ಹೋಗ್ತದೆ. ನಿನ್ನೆ ಸರಿ ಇತ್ತು ಅಂತ ಇವತ್ತು ಅದ್ದದೆ ಬಿಡುವವರು ಯಾರೂ ಇಲ್ಲ. ನಿಮ್ಮ ನಿಯಾನ್ ಗೆರೆ ಅಂದ್ರೆ ಆ ಕತ್ತಿ ಅಂತ ನನಗೆ ಅರ್ಥ ಆದದ್ದು. ತಪ್ಪಾದ್ರೆ ಹೇಳಿ.

ಆದೋನಿ ಹತ್ತಿ
ಕತ್ತಿ ಅದ್ದೋದು ಮದ್ದು ಬಿಡೋ ದಿನ, ಅಣ್ಣಾ. ಬೇಸಿಗೆಯಲ್ಲಿ ಖಾಲಿ ಡ್ರಮ್ಮಿಗೆ ದಿನಾ ಕತ್ತಿ ಅದ್ದುತ್ತೀರಾ?

ಪೆರ್ಲದ ಅಡಿಕೆ
ಅದು ಹೌದು. ಸೋತೆ.

ಕೃಷ್ಣಗಿರಿ ರಾತ್ರಿಪಾಳಿ
ಅಡಿಕೆ ಅವರು ಅಷ್ಟು ಬೇಗ ಸೋಲಬೇಕಾಗಿರಲಿಲ್ಲ. ನಾನು ಒಂದು ದೊಡ್ಡ ವೀಕ್ಷಣಾಲಯದಲ್ಲಿ ರಾತ್ರಿ ಸಹಾಯಕನಾಗಿದ್ದವನು, ಈಗ ನಿವೃತ್ತ. ಅಲ್ಲಿ ನಮ್ಮ ದಿನ ಶುರುವಾಗುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ. ಮೊದಲು ಸಿಸಿಡಿ ಕ್ಯಾಮೆರಾದ ಫ್ಲಾಸ್ಕಿಗೆ ಲಿಕ್ವಿಡ್ ನೈಟ್ರೋಜನ್ ಹುಯ್ಯಬೇಕು. ಅದು ಕುದಿಯುವುದೇ −196 ಡಿಗ್ರಿಯಲ್ಲಿ. ಮೊದಲು ಬುಸುಬುಸು ಬಿಳಿ ಹೊಗೆ, ತುಂಬಿತು ಅನ್ನುವಾಗ ಬಾಯಿಂದ ಹನಿ ಚಿಮ್ಮುತ್ತದೆ, ಆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಹತ್ತು ಬಯಾಸ್ ಚಿತ್ರ. ಬಯಾಸ್ ಅಂದರೆ ಬೆಳಕೇ ಬೀಳದ, ಸೊನ್ನೆ ಸೆಕೆಂಡಿನ ಚಿತ್ರ. ಅದರಲ್ಲಿ ಕಾಣುವುದು ಎಲೆಕ್ಟ್ರಾನಿಕ್ಸಿನ ಸ್ವಂತ ಗೊಣಗಾಟ ಮಾತ್ರ. ಆಮೇಲೆ ಗೋಪುರದ ಒಳಗಿನ ಬಿಳಿ ಪರದೆಗೆ ದೀಪ ಹಾಕಿ ಫ್ಲ್ಯಾಟ್ ತೆಗೆಯುವುದು, ಯಾವ ಪಿಕ್ಸೆಲ್ ಮಂದ, ಎಲ್ಲಿ ಧೂಳು ಕೂತಿದೆ ಅಂತ ಅದರಲ್ಲಿ ಸಿಗುತ್ತದೆ. ಕೊನೆಗೆ ಥೋರಿಯಂ-ಆರ್ಗಾನ್ ದೀಪದ ಗೆರೆಗಳು. ಗೋಪುರ ಒಂದು ಸುತ್ತು ತಿರುಗಿಸಿ, ಗಡಿಯಾರ ಸರಿಯಿದೆಯಾ ನೋಡಿ, ಊಟಕ್ಕೆ. ಬೆಳಗಿನ ಜಾವ ಮಲಗುವ ಮೊದಲು ಮತ್ತೆ ಬಯಾಸ್. ಸಂಜೆಯದೂ ಬೆಳಗಿನದೂ ಒಂದೇ ಇದ್ದರೆ ನಡುವಿನ ರಾತ್ರಿಯನ್ನು ನಂಬಬಹುದು.

ಮೋಡ ಇದ್ದರೂ ಇದರಲ್ಲಿ ಬಹಳಷ್ಟು ಮಾಡುತ್ತಿದ್ದೆವು. ಒಂದು ಮಳೆಗಾಲ ಬಯಾಸಿನಲ್ಲಿ ಓರೆ ಪಟ್ಟೆ ಬರತೊಡಗಿತು, ಸೀರೆಯ ಗೆರೆ ಇದ್ದ ಹಾಗೆ. ವೀಕ್ಷಣೆ ಇಲ್ಲದ ಕಾಲ, ಯಾರಿಗೂ ಆತುರವಿಲ್ಲ, ಒಂದೊಂದೇ ಪ್ಲಗ್ ಕಿತ್ತು ನೋಡಿದೆವು. ಪಕ್ಕದ ಕೋಣೆಯಲ್ಲಿ ಯಾರೋ ಹೊಸದಾಗಿ ತಂದ ಅಗ್ಗದ ಮೊಬೈಲ್ ಚಾರ್ಜರ್. ಅದೇ ಪಟ್ಟೆ ಜನವರಿಯ ಸ್ವಚ್ಛ ರಾತ್ರಿಯಲ್ಲಿ ಕಂಡಿದ್ದರೆ ಯಾರೋ ಪಾಪದ ಪಿಎಚ್‌ಡಿ ಹುಡುಗಿಯ ರಾತ್ರಿ ಹಾಳಾಗುತ್ತಿತ್ತು.

ಹೊಸೂರು ಗೇಜ್
ನಾನು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗು. ಶಿಫ್ಟ್ ಶುರು ಅಂದ್ರೆ ಮೊದಲು ವರ್ನಿಯರ್ ಮುಚ್ಚಿ ಝೀರೋ ನೋಡೋದು, ಮೈಕ್ರೋಮೀಟರಿಗೆ ಸ್ಲಿಪ್ ಗೇಜ್ ಇಟ್ಟು ನೋಡೋದು. ಅಳೆಯೋ ಸಾಮಾನನ್ನೇ ಅಳೀದೆ ಮಾಲನ್ನ ಅಳೆದ್ರೆ ಸಂಜೆ ಲಾಟ್ ಪೂರ್ತಿ ರಿಜೆಕ್ಟು.

ಚೆಕ್ ಮಾಡೋದಷ್ಟೇ ಸಾಲದು, ಬಂದ ನಂಬರನ್ನ ನಂಬೋ ಧೈರ್ಯಾನೂ ಬೇಕು. ಹಬಲ್ ಟೆಲಿಸ್ಕೋಪ್ ಕಥೆ ಗೊತ್ತಲ್ಲ? ಕನ್ನಡಿ ತಿದ್ದುವಾಗ ಅಳತೆಗೆ ಇಟ್ಟ ಉಪಕರಣದಲ್ಲೇ ಒಂದು ಲೆನ್ಸು 1.3 ಮಿಲಿಮೀಟರ್ ತಪ್ಪು ಜಾಗದಲ್ಲಿ ಕೂತಿತ್ತು. ಕನ್ನಡಿ ಅಂಚು ಸುಮಾರು 2.2 ಮೈಕ್ರಾನ್ ಜಾಸ್ತಿ ಚಪ್ಪಟೆ ಆಯ್ತು. ಬೇರೆ ಉಪಕರಣದಲ್ಲಿ ನೋಡಿದಾಗ ತಪ್ಪು ಕಾಣಿಸಿತ್ತು ಗುರು! ‘ಆ ಉಪಕರಣ ಅಷ್ಟು ಸೂಕ್ಷ್ಮ ಅಲ್ಲ’ ಅಂತ ಅದನ್ನೇ ಪಕ್ಕಕ್ಕೆ ತಳ್ಳಿದ್ರು. 1990 ಏಪ್ರಿಲಲ್ಲಿ ಮೇಲೆ ಹೋಯ್ತು, ಮಸುಕು ಚಿತ್ರ ಬಂತು, 1993 ಡಿಸೆಂಬರಲ್ಲಿ ಗಗನಯಾತ್ರಿಗಳು ಹೋಗಿ ಕನ್ನಡಕ ಹಾಕಿದ ಹಾಗೆ ಸರಿ ಮಾಡಿದ್ರು.

ಈಗ ಮೇಡಂ ಲಾಗಿಗೆ ಬರೋಣ. ಜೂನ್ 4ಕ್ಕೂ 9ಕ್ಕೂ ಮಧ್ಯೆ ಏನ್ ಮಾಡಿದ್ರಿ? ಗೆರೆ ಅಲ್ಲೇ ಹಾರಿದೆ, ತೇವಾನೂ ಅಲ್ಲೇ 85ರಿಂದ 58ಕ್ಕೆ ಬಿದ್ದಿದೆ. ಎರಡೂ ಒಟ್ಟಿಗೆ. ಇದು ಮೆಲ್ಲಗೆ ಸರಿದದ್ದಲ್ಲ.

ಗುಂಪೆ ಟೀಚರ್, ಕಾಸರಗೋಡು
ಅಯ್ಯೋ ಹೌದಲ್ಲ! ಬೂಷ್ಟಿನ ವಾಸನೆ ಅಂತ ಮಕ್ಕಳು ಬರೆದ ಮೇಲೆ, ಜೂನ್ 6ಕ್ಕೆ ಕಪಾಟಿನ ಒಳಗೆ ಝೀರೋ ಬಲ್ಬು ಹಾಕಿದ್ದೇವೆ. ಮನೆಯಲ್ಲಿ ಪಟ್ಟೆ ಸೀರೆ ಕಪಾಟಿಗೆ ಹಾಕುವ ಹಾಗೆ. ಲೆನ್ಸಿಗೆ ಫಂಗಸ್ ಬಂದ್ರೆ ಹೋಗಿಯೇ ಆಯ್ತಲ್ಲ ಅಂತ. ಅದನ್ನು ಪುಸ್ತಕದಲ್ಲಿ ಬರೀಲೇ ಇಲ್ಲ.

ಹೊಸೂರು ಗೇಜ್
ಬಲ್ಬ್ ಎಲ್ಲಿದೆ? ಪೆಟ್ಟಿಗೆಗೆ ಎಷ್ಟು ದೂರ?

ಗುಂಪೆ ಟೀಚರ್, ಕಾಸರಗೋಡು
ಪೆಟ್ಟಿಗೆಯ ಎಡಬದಿಗೆ, ಒಂದು ಗೇಣು. ಝೀರೋ ಬಲ್ಬಲ್ವಾ, ಎಂತ ಬಿಸಿ ಅದು?

ಆದೋನಿ ಹತ್ತಿ
ಹಳೇ ಕಾಲದ ತಂತಿ ಇರೋ ಝೀರೋ ಬಲ್ಬು ಝೀರೋ ಅಲ್ಲ ಟೀಚರ್, 15 ವಾಟ್ ಎಳೆಯುತ್ತೆ. ಮುಚ್ಚಿದ ಕಪಾಟಿನಲ್ಲಿ ಅದು ಒಲೆ. ಪೆಟ್ಟಿಗೆಯ ಪ್ಲಾಸ್ಟಿಕ್ ಪಿಎಲ್ಎ ಆಗಿದ್ದರೆ 60 ಡಿಗ್ರಿ ಹತ್ತಿರ ಮೆತ್ತಗೇ ಆಗುತ್ತೆ. ಮೊದಲು ಅಲ್ಲಿಂದ ತೆಗೀರಿ!

ಪೆರ್ಲದ ಅಡಿಕೆ
ಬಿಸಿಲಿಗೆ ಹಾಕಿದ ಹಪ್ಪಳ. ಒಂದು ಬದಿ ಕಾದ್ರೆ ಆ ಕಡೆ ಏಳ್ತದೆ. ಗೆರೆ ಓಡಿದ್ದಲ್ಲ, ಪೆಟ್ಟಿಗೆ ಬಗ್ಗಿದ್ದು.

ಕೃಷ್ಣಗಿರಿ ರಾತ್ರಿಪಾಳಿ
ಹಪ್ಪಳದ ಮಾತು ಸರಿ. ಪಿಎಲ್ಎ ಪ್ಲಾಸ್ಟಿಕ್ ಅದೇ ಬಿಸಿಗೆ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಒಂದೇ ಬದಿ ಬಿಸಿಯಾದರೆ ಒಳಗೆ ಬೆಳಕನ್ನು ಬಿಡಿಸುವ ಗೀರು ಫಲಕ, ಗ್ರೇಟಿಂಗ್, ಕೂದಲೆಳೆಯಷ್ಟು ತಿರುಗಿದರೂ ಸಾಕು, ಗೆರೆ ಸರಿಯುತ್ತದೆ. ಚಿಲಿ ದೇಶದ ಲಾ ಸಿಲ್ಲಾದಲ್ಲಿ ಹಾರ್ಪ್ಸ್ ಅಂತ ಒಂದು ಸ್ಪೆಕ್ಟ್ರೋಗ್ರಾಫ್ ಇದೆ, ಬೇರೆ ನಕ್ಷತ್ರಗಳ ಗ್ರಹ ಹುಡುಕುವುದಕ್ಕೆ. ಅದನ್ನು ನಿರ್ವಾತದ ಪೀಪಾಯಿಯಲ್ಲಿಟ್ಟು ಉಷ್ಣತೆ ಡಿಗ್ರಿಯ ನೂರರಲ್ಲೊಂದು ಭಾಗವೂ ಏರುಪೇರಾಗದಂತೆ ಕಾಯುತ್ತಾರೆ.

ಟೀಚರಮ್ಮ, ನಿಮ್ಮಲ್ಲಿ ಒಂದು ಪಿಕ್ಸೆಲಿಗೆ ಎಷ್ಟು ಆಂಗ್‌ಸ್ಟ್ರಾಮ್?

ಗುಂಪೆ ಟೀಚರ್, ಕಾಸರಗೋಡು
ಹೆಚ್ಚುಕಮ್ಮಿ ಒಂದು.

ಕೃಷ್ಣಗಿರಿ ರಾತ್ರಿಪಾಳಿ
ಹಾಗಾದರೆ 2.7 ಪಿಕ್ಸೆಲ್ ಅಂದರೆ 2.7 ಆಂಗ್‌ಸ್ಟ್ರಾಮ್. ನಕ್ಷತ್ರ ನಮ್ಮ ಕಡೆಗೋ ದೂರಕ್ಕೋ ಓಡಿದರೆ ಅದರ ಗೆರೆಗಳು ಸರಿಯುತ್ತವೆ, ಆ ಸರಿತದಿಂದಲೇ ಅದರ ವೇಗ ಲೆಕ್ಕ ಹಾಕುವುದು. 5852ರಲ್ಲಿ ಅಷ್ಟು ಸರಿದರೆ ವೇಗದ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 140 ಕಿಲೋಮೀಟರ್. ಭೂಮಿ ಸೂರ್ಯನ ಸುತ್ತ ಓಡುವುದೇ ಸೆಕೆಂಡಿಗೆ 30. ಹೊಸ ನಿಯಾನ್ ಚಿತ್ರ ತೆಗೆಯದೆ ಹಳೆಯ ಅಳತೆಯನ್ನೇ ಹಿಡಿದು ಹೋದರೆ, ಒಂದು ಝೀರೋ ಬಲ್ಬು ನಿಮ್ಮ ಮಕ್ಕಳ ನಕ್ಷತ್ರವನ್ನು ಅಷ್ಟು ವೇಗದಲ್ಲಿ ಓಡಿಸಿಬಿಡುತ್ತಿತ್ತು.

ಅಕ್ಕಲಕೋಟ ಕಾಕಾ
ನಾ ತಡಾ ಆಗಿ ಬಂದೀನಿ, ಮಾಫ್ ಮಾಡ್ರಿ. ನಾ ಮೂವತ್ತ ವರ್ಷ ಮಳಿಮಾಪಕ ಓದಿದಾಂವ. ಮುಂಜಾನೆ ಎಂಟೂವರಿ ಅಂದ್ರ ಎಂಟೂವರಿ. ನಮ್ಮ ಸೊಲ್ಲಾಪುರ ಸೀಮಿ ನಿಮಗ ಗೊತ್ತದ, ತಿಂಗಳಗಟ್ಟಲೆ ಹನಿ ಇಲ್ಲ. ಆದ್ರೂ ಹೋಗೂದು, ಮುಚ್ಚಳಾ ತಗಿಯೂದು, ಬಾಟಲಿ ಒಳಗ ನೋಡೂದು, 0.0 ಅಂತ ಬರಿಯೂದು. ಮನ್ಯಾಗ ಅಕಿ ನಗತಿದ್ಲು, ‘ಸೊನ್ನಿ ಬರಿಲಿಕ್ಕ ಪಗಾರ ಕೊಡ್ತಾರೇನ್ರಿ’ ಅಂತ. ಸೊನ್ನಿ ಬರದದ್ದು ಬ್ಯಾರೆ, ಬರೀದೇ ಖಾಲಿ ಬಿಟ್ಟದ್ದು ಬ್ಯಾರೆ. ಖಾಲಿ ಅಂದ್ರ ಅವತ್ತ ಮಳಿ ಆಗೇದೋ ಇಲ್ಲೋ ಯಾರಿಗೂ ಗೊತ್ತಿಲ್ಲ.

ನನ್ನ ಜೋಡಿ ಒಬ್ಬಾಂವ ಇದ್ದ. ಸೋಮವಾರನ ಕೂತು ಶನಿವಾರ ತನಕ 0.0 ಬರದು ಊರಿಗೆ ಹೋಗಿಬಿಟ್ಟ. ಬುಧವಾರ ರಾತ್ರಿ ಎರಡ ಇಂಚ್ ಬಿತ್ತು! ಹಳ್ಳದ ಮ್ಯಾಲಿನ ರಸ್ತೆ ಕಡದ ಹೋತು, ಇವನ ಪುಸ್ತಕದಾಗ ಮಾತ್ರ ಒಣಾ.

ಅದಕ್ಕ ಟೀಚರ್ ತಂಗಿ, ಸಿಟ್ಟ ಮಾಡಕೋಬ್ಯಾಡವ್ವ. 23ನೇ ತಾರೀಖಿನ ಸಾಲು ಇನ್ನೊಮ್ಮೆ ನೋಡು. ಇಡೀ ದಿನ ಕರೆಂಟ್ ಇಲ್ಲ ಅಂತ ಅದ. ಹಂಗಾದ್ರ ನಿಯಾನ್ ಹೆಂಗ ಹತ್ತಿತು? ಕ್ಯಾಮೆರಾ −10ಕ್ಕ ಹೆಂಗ ಇಳೀತು?

ಹೊಸೂರು ಗೇಜ್
ಅಬ್ಬಾ ಕಾಕಾ! ನಾನು ಮೂರು ಸಲ ಓದಿದ್ದೆ, ಕಣ್ಣಿಗೆ ಬೀಳಲಿಲ್ಲ. ತೇವ ನೋಡಿ, 57. ಬಲ್ಬೇ ಆರಿದ್ರೆ 17ನೇ ತಾರೀಖಿನ ಹಾಗೆ ಏರಬೇಕಿತ್ತು.

ಆದೋನಿ ಹತ್ತಿ
ಹೇಳಿದ್ನಲ್ಲ. ಸ್ಕ್ರಿಪ್ಟ್ ಆಗಿದ್ದರೆ ಸುಳ್ಳು ಬರೀತಿರಲಿಲ್ಲ.

ಪೆರ್ಲದ ಅಡಿಕೆ
ಕರೆಂಟಿಲ್ಲದೆ ಸ್ಕ್ರಿಪ್ಟು ಏನೂ ಬರೀತಿರ್ಲಿಲ್ಲ. ಮತ್ತೆ ಬೂಷ್ಟಿನ ವಾಸನೆ ಸ್ಕ್ರಿಪ್ಟಿಗೆ ಬರ್ತದಾ? ಆ ವಾಸನೆ ಹಿಡಿದದ್ದೂ ಅದೇ ಮಕ್ಕಳು.

ಆದೋನಿ ಹತ್ತಿ
ವಾಸನೆ ಪಾಯಿಂಟು ಒಪ್ಪಿದೆ. ಆದರೂ ನಂಬರ್ ಓದೋದು ಯಂತ್ರದ ಕೆಲಸ, ಮೂಸೋದು ಮನುಷ್ಯರ ಕೆಲಸ. ಎರಡೂ ಇರಲಿ. ಯಂತ್ರ ಇದ್ದ ಮಾತ್ರಕ್ಕೆ ಎಲ್ಲ ಗೊತ್ತಾಗಲ್ಲ ಅನ್ನೋದಕ್ಕೆ ನಾನೇ ಒಂದು ಕಥೆ ಕೊಡ್ತೀನಿ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ಟೆಲಿಸ್ಕೋಪಿನಲ್ಲಿ ವರ್ಷಗಟ್ಟಲೆ ಆಗಾಗ ಒಂದು ವಿಚಿತ್ರ ಮಿಡಿತ ಬರ್ತಿತ್ತು, ಪೆರಿಟಾನ್ ಅಂತ ಹೆಸರೂ ಇಟ್ಟಿದ್ದರು. 2015ರಲ್ಲಿ ಸುತ್ತಲಿನ ರೇಡಿಯೋ ಗದ್ದಲ ಅಳೆಯುವ ಯಂತ್ರ ಕೂರಿಸಿದ ಮೇಲೆ ಗೊತ್ತಾಯ್ತು, ಅಲ್ಲಿನವರು ಊಟ ಬಿಸಿ ಮಾಡುವಾಗ ಗಂಟೆ ಹೊಡೆಯೋ ಮೊದಲೇ ಮೈಕ್ರೋವೇವ್ ಬಾಗಿಲು ತೆಗೀತಿದ್ದರು!

ಪೆರ್ಲದ ಅಡಿಕೆ
ಹಸಿವು ಮಾರಾಯ್ರೆ.

ಕೃಷ್ಣಗಿರಿ ರಾತ್ರಿಪಾಳಿ
ನಮ್ಮ ಸ್ಪೆಕ್ಟ್ರೋಗ್ರಾಫಿನವರಲ್ಲಿ ಅದಕ್ಕೂ ಹಳೆಯ ಕಥೆ ಇದೆ. 1960ರ ದಶಕದಲ್ಲಿ ಫ್ರಾನ್ಸಿನ ಓಟ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಕೆಲವು ಸಾಧಾರಣ ನಕ್ಷತ್ರಗಳ ವರ್ಣಪಟಲದಲ್ಲಿ ಪೊಟ್ಯಾಸಿಯಂ ಗೆರೆ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಮತ್ತೆ ನೋಡಿದರೆ ಇಲ್ಲ. ಪೊಟ್ಯಾಸಿಯಂ ಸಿಡಿಯುವ ನಕ್ಷತ್ರ ಅಂತ ಪ್ರಬಂಧವೂ ಬಂತು. ಆಮೇಲೆ ಅಮೆರಿಕದ ಮೂವರು ಖಗೋಳಜ್ಞರು ಸ್ಪೆಕ್ಟ್ರೋಗ್ರಾಫಿನ ಹತ್ತಿರ ಕಡ್ಡಿ ಗೀರಿ ನೋಡಿದರು, ಅದೇ ಗೆರೆ. ಬೆಂಕಿಕಡ್ಡಿಯ ಮದ್ದಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಯಾರೋ ಕತ್ತಲಲ್ಲಿ ಸಿಗರೇಟು ಹಚ್ಚಿದ್ದಿರಬೇಕು. ನಮ್ಮಲ್ಲಿ ಹೊಸಬರು ಬಂದ ದಿನವೇ ಈ ಕಥೆ ಹೇಳಿ ಬೀಡಿ ಕಟ್ಟು ಈಸಿಕೊಳ್ಳುತ್ತಿದ್ದೆವು.

ಊಟಿ ಮಂಜು
ರೇಡಿಯೋ ಮಾತು ಬಂತು ಅಂತ ನಾನೂ. ನಮ್ಮೂರ ಹತ್ತಿರದ ರೇಡಿಯೋ ಟೆಲಿಸ್ಕೋಪ್ ನೋಡಿದೀರಾ ಯಾರಾದರೂ? 530 ಮೀಟರ್ ಉದ್ದ, 30 ಮೀಟರ್ ಅಗಲ, ಗುಡ್ಡದ ಇಳಿಜಾರಿನಲ್ಲಿ ಮಲಗಿದೆ. ಇಳಿಜಾರು ಊಟಿಯ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ. ಹಾಗಾಗಿ ಅದರ ಉದ್ದ ಭೂಮಿಯ ಅಕ್ಷಕ್ಕೆ ಸಮಾನಾಂತರ. ಒಂದೇ ಕಡೆ ತಿರುಗಿಸಿದರೆ ನಕ್ಷತ್ರದ ಹಿಂದೆ ಗಂಟೆಗಟ್ಟಲೆ ಹೋಗುತ್ತದೆ. ರೇಡಿಯೋ ಖಗೋಳಜ್ಞ ಗೋವಿಂದ ಸ್ವರೂಪ್ ಅವರ ತಲೆ. 1970ರಿಂದ ನಡೀತಾ ಇದೆ. ಮಳೆ, ಮಂಜು, ಹಗಲು ಯಾವುದೂ ಲೆಕ್ಕವಿಲ್ಲ ಅದಕ್ಕೆ. ಟೀಚರ್, ಮುಂದಿನ ಸಲ ರೇಡಿಯೋನೇ ಮಾಡಿ.

ಗುಂಪೆ ಟೀಚರ್, ಕಾಸರಗೋಡು
ಮಂಜು ಅವರೇ, ಇದ್ದ ಒಂದು ಉಪದ್ರ ಸಾಕು!

ಕಾಕಾ, ಸಿಟ್ಟು ಎಂತದು, ನಿಮಗೆ ಕೈ ಮುಗೀತೇನೆ. ನಿನ್ನೆ ಆ ಹುಡುಗನನ್ನು ಸ್ಟಾಫ್ ರೂಮಿಗೆ ಅಲ್ಲ, ಟೆರೇಸಿಗೇ ಕರೆದೆ. ಪುಸ್ತಕ ತೆರೆದು 23 ತೋರಿಸಿದೆ, ಮಾತಾಡ್ಲಿಲ್ಲ. ಅವನೇ ಓದಿದ. ಕಿವಿ ಕೆಂಪಾಯ್ತು. ‘ಟೀಚರ್, ಯಾವಾಗ್ಲೂ ಅದೇ ಬರ್ತದಲ್ಲ’ ಅಂದ. ಕರೆಂಟ್ ಇಲ್ಲ ಅಂತ ಸತ್ಯ ಬರೆದು, ಉಳಿದದ್ದನ್ನು ಹಿಂದಿನ ಸಾಲು ನೋಡಿ ತುಂಬಿಸಿದ್ದು. ಖಾಲಿ ಬಿಟ್ಟರೆ ನಾನು ಬೈತೇನೆ ಅಂತ ಹೆದರಿದ್ದಂತೆ. ಅದು ನನ್ನದೇ ತಪ್ಪು, ಖಾಲಿ ಬಿಡ್ಬಾರ್ದು ಅಂತ ದಪ್ಪಕ್ಷರದಲ್ಲಿ ಮೊದಲ ಪುಟದಲ್ಲಿ ಬರೆದವಳು ನಾನೇ.

ಈಗ ಆ ಸಾಲನ್ನು ಅಳಿಸ್ಲಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ‘ಓದಿಲ್ಲ, ಕರೆಂಟ್ ಇರಲಿಲ್ಲ’ ಅಂತ ಅವನ ಕೈಯಲ್ಲೇ ಬರೆಸಿ ಸಹಿ ಹಾಕಿಸಿದೆ.

ಅಕ್ಕಲಕೋಟ ಕಾಕಾ
ಭಾಳ ಛಲೋ ಮಾಡಿದಿ. ರಬ್ಬರ್ ಮುಟ್ಟಸಬ್ಯಾಡ. ನಮ್ಮಲ್ಲಿ ಪೆನ್ಸಿಲ್‌ಗೇ ಬಂದಿ ಇತ್ತು.

ಹೊಸೂರು ಗೇಜ್
17ನೇ ತಾರೀಖು ಒಂದು ಡೌಟ್ ಉಳಿದಿದೆ ಮೇಡಂ. ಕರೆಂಟ್ 3:40ಕ್ಕೆ ಬಂತು, ಓದಿದ್ದು 4:15ಕ್ಕೆ. ಅಷ್ಟರಲ್ಲಿ ಬಲ್ಬೂ ಹತ್ತಿ ಪೆಟ್ಟಿಗೆ ಕಾಯ್ಬೇಕಿತ್ತಲ್ಲ?

ಗುಂಪೆ ಟೀಚರ್, ಕಾಸರಗೋಡು
ಕೇಳಿದೆ. ಹಿಂದಿನ ಸಂಜೆ ಸಿಡಿಲು ಜೋರಿತ್ತು, ಎಲ್ಲಾ ಪ್ಲಗ್ಗು ಎಳೆದಿಟ್ಟು ಹೋಗಿದ್ದಾರೆ. ಮರುದಿನ ಕ್ಯಾಮೆರಾ ಮತ್ತು ನಿಯಾನಿಂದು ಮಾತ್ರ ಚುಚ್ಚಿದ್ದು, ಬಲ್ಬು ಮರೆತಿದ್ದಾರೆ. ಸಂಜೆ ಹೋಗುವಾಗ ನೆನಪಾಗಿ ಹಾಕಿದ್ದಂತೆ. ಇದೂ ಪುಸ್ತಕದಲ್ಲಿ ಇಲ್ಲ!

ಹೊಸೂರು ಗೇಜ್
ಹಾಗಾದ್ರೆ ಕೇಸ್ ಮುಗೀತು. ಆದರೂ ಒಂದು ಪರೀಕ್ಷೆ ಮಾಡಿ. ಶುಕ್ರವಾರ ಸಂಜೆ ಬಲ್ಬ್ ಆಫ್ ಮಾಡಿ, ಸೋಮವಾರ ಬೆಳಿಗ್ಗೆ ಗೆರೆ ಓದಿ. ಬಲ್ಬ್ ಹಾಕಿ, ಒಂದು ಗಂಟೆ ಆದ್ಮೇಲೆ ಒಮ್ಮೆ, ಮೂರು ಗಂಟೆ ಆದ್ಮೇಲೆ ಇನ್ನೊಮ್ಮೆ ಓದಿ. ತೇವದ ಮೀಟರಲ್ಲಿ ಟೆಂಪರೇಚರೂ ಇರುತ್ತೆ, ಅದನ್ನೂ ಬರೀರಿ.

ಪೆರ್ಲದ ಅಡಿಕೆ
ನಡುವೆ ಒಂದು ಪೆದ್ದ ಪ್ರಶ್ನೆ. ಕರೆಂಟ್ ನೋಡುವ ಟೆಸ್ಟರಿನ ಒಳಗೆ ಕೆಂಪಗೆ ಹತ್ತುದು ನಿಯಾನಾ?

ಕೃಷ್ಣಗಿರಿ ರಾತ್ರಿಪಾಳಿ
ಪೆದ್ದ ಪ್ರಶ್ನೆ ಅಲ್ಲವೇ ಅಲ್ಲ. ಅದೇ ನಿಯಾನ್. 5852, 6143, 6402 ಗೆರೆಗಳು ಚೆನ್ನಾಗಿ ಬರುತ್ತವೆ. ನಿಮ್ಮ ಜೇಬಿನಲ್ಲಿ ಇರುವುದೂ ಟೀಚರ್ ಕಪಾಟಿನಲ್ಲಿ ಇರುವುದೂ ಒಂದೇ ಅನಿಲ. ಮನೆಯ ಹಳೇ ಟ್ಯೂಬ್‌ಲೈಟಿನಲ್ಲಿ ಪಾದರಸದ 5461 ಹಸಿರು ಗೆರೆ ಸಿಗುತ್ತದೆ, ಅದನ್ನೂ ಅಳತೆಗೆ ಬಳಸಬಹುದು. ಅಕ್ಟೋಬರಿನಲ್ಲಿ ಆಕಾಶ ತೆರೆದ ಮೇಲೆ ಇನ್ನೊಂದು ಉಚಿತ ಗೆರೆ ಇದೆ: ರಾತ್ರಿಯ ಗಾಳಿಯಲ್ಲೇ ಆಮ್ಲಜನಕ ಹೊಳೆಯುವ 5577. ಹೆಚ್ಚು ಹೊತ್ತು ತೆಗೆದ ಚಿತ್ರದಲ್ಲಿ ಅದು ತಾನಾಗಿ ಬಂದು ಕೂತಿರುತ್ತದೆ. ಅದು ಜಾಗ ಬಿಟ್ಟಿದ್ದರೆ ಪೆಟ್ಟಿಗೆ ಬಗ್ಗಿದೆ ಅಂತಲೇ.

ಬೂಷ್ಟಿಗೆ ಬಲ್ಬಿನ ಬದಲು ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ತೇವ ಕುಡಿದು ಗುಲಾಬಿ ಆದಾಗ 120 ಡಿಗ್ರಿ ಸುತ್ತ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ, ನೀಲಿ ಬಣ್ಣಕ್ಕೆ ಕೋಬಾಲ್ಟ್ ಕ್ಲೋರೈಡ್ ಹಾಕಿರುತ್ತಾರೆ, ವಿಷ.

ಆದೋನಿ ಹತ್ತಿ
ಕಾಸರಗೋಡಿನ ಜುಲೈಗೆ ಸಿಲಿಕಾ ಜೆಲ್ ಎರಡೇ ದಿನ ಬರುತ್ತೆ, ಮರದ ಕಪಾಟಿನ ಸಂದಿ ಬೇರೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ, ಡಬ್ಬಿಯನ್ನು ಕಪಾಟಿನಲ್ಲಿಡಿ. ಬಲ್ಬು ಕಪಾಟಿನ ಕೆಳಗಿನ ಅರೆಯಲ್ಲಿ ಇರಲಿ, ನಡುವೆ ತಗಡು ಅಡ್ಡ ಇಡಿ.

ಇನ್ನೊಂದು. ಪುಸ್ತಕದಲ್ಲಿ ತಾರೀಖು ಯಾವ ಸಮಯದ್ದು? ಅಕ್ಟೋಬರಿನಲ್ಲಿ ರಾತ್ರಿ ಎರಡು ಗಂಟೆಗೆ ಚಿತ್ರ ತೆಗೆದರೆ ಯಾವ ತಾರೀಖು ಬರೀತೀರಿ? ನಮಗೆ ತಾರೀಖು ಬದಲಾಗಿರುತ್ತೆ, ಯುಟಿ (ಗ್ರೀನಿಚ್ ಸಮಯ) ಲೆಕ್ಕದಲ್ಲಿ ನಮ್ಮ ಬೆಳಿಗ್ಗೆ ಐದೂವರೆಗೆ ಬದಲಾಗೋದು.

ಕೃಷ್ಣಗಿರಿ ರಾತ್ರಿಪಾಳಿ
ಈ ಉಪದ್ರಕ್ಕೇ ಜೂಲಿಯನ್ ದಿನದ, ಅಂದರೆ ಖಗೋಳಜ್ಞರು ದಿನಗಳನ್ನು ಸಾಲಾಗಿ ಎಣಿಸುವ ಕ್ರಮದ, ಲೆಕ್ಕ ಗ್ರೀನಿಚ್ಚಿನ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಇರುವುದು. ಯೂರೋಪಿನವರ ರಾತ್ರಿ ಎರಡು ತುಂಡಾಗುವುದಿಲ್ಲ. ಶಾಲೆಯ ಪುಸ್ತಕಕ್ಕೆ ಸಂಜೆಯ ತಾರೀಖನ್ನೇ ಇಡೀ ರಾತ್ರಿಗೆ ಬರೆಯಿರಿ, ಸಮಯ ಯುಟಿ ಇರಲಿ.

ಮತ್ತೆ ಹೆಡ್ ಮಾಸ್ಟರಿಗೆ ಹೇಳಲು ಒಂದು ಸಂಗತಿ. 1977 ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಅಮೆರಿಕದವರು ವಿಮಾನದಲ್ಲಿ ಟೆಲಿಸ್ಕೋಪ್ ಇಟ್ಟು, ಲೆಕ್ಕದ ಸಮಯಕ್ಕೆ ಬಹಳ ಮೊದಲೇ ಉಪಕರಣ ಹಚ್ಚಿ ಕೂತರು. ನಮ್ಮ ತಮಿಳುನಾಡಿನ ಕಾವಲೂರು ವೀಕ್ಷಣಾಲಯದ 1 ಮೀಟರ್ ಟೆಲಿಸ್ಕೋಪಿನಲ್ಲೂ ಅದೇ ನಕ್ಷತ್ರವನ್ನು ನೋಡುತ್ತಿದ್ದರು. ಗ್ರಹ ಮುಟ್ಟುವ ಮೊದಲೇ ನಕ್ಷತ್ರದ ಬೆಳಕು ಗಕ್ಕನೆ ಕುಸಿಯಿತು, ಮತ್ತೆ ಬಂತು. ಅದು ಯುರೇನಸ್ಸಿನ ಉಂಗುರ. ಮರೆಯಾಗುವ ಹೊತ್ತಿಗೆ ಸರಿಯಾಗಿ ಬಂದು ಬೀಗ ತೆಗೆದವರಿಗೆ ಕಾಣುವ ವಸ್ತು ಅಲ್ಲ ಅದು.

ಆದೋನಿ ಹತ್ತಿ
ಒಳ್ಳೇ ಕಥೆ, ಆದರೆ ಅದು ಅವತ್ತಿನ ರಾತ್ರಿ ಮೊದಲೇ ಶುರು ಮಾಡಿದ್ದು, ನಾಲ್ಕು ತಿಂಗಳು ಮೊದಲಲ್ಲ. ನನ್ನ ಮಾತು ಇಷ್ಟೇ: ತೇವ, ವಾಸನೆ, ಕರೆಂಟು ದಿನಾ. ನಿಯಾನ್, ಬಯಾಸ್ ವಾರಕ್ಕೆ ಎರಡು ಸಲ. ಬಸ್ಸೂ ತಪ್ಪಲ್ಲ.

ಹೊಸೂರು ಗೇಜ್
ವಾರಕ್ಕೆ ಎರಡು ಸಲ ಓದಿದ್ದರೆ 17ನೇ ತಾರೀಖು ಸಿಗ್ತಿರಲಿಲ್ಲ ಗುರು. ಅದು ಮಂಗಳವಾರ.

ಆದೋನಿ ಹತ್ತಿ
ಮಂಗಳವಾರ ಶುಕ್ರವಾರ ಓದಿದ್ದರೆ ಸಿಗ್ತಿತ್ತು 😄

ಅಕ್ಕಲಕೋಟ ಕಾಕಾ
ಕೊಡೈಕನಾಲದಾಗ 1904ರಿಂದ ಸೂರ್ಯನ ಫೋಟೋ ದಿನಾ ತಗೀತಾರ, ಮೋಡ ಇಲ್ಲದ ದಿನ. ಅವರನ್ನ ವಾರಕ್ಕ ಎರಡ ಸಲ ತಗೀರಿ ಅಂದಿದ್ರ ಏನ ಆಗತಿತ್ತಪ? ಸೂರ್ಯನ ಕಲಿ ಹದಿಮೂರು ಹದಿನಾಲ್ಕ ದಿನದಾಗ ಈ ಕಡಿಂದ ಆ ಕಡಿಗೆ ದಾಟತಾವ. ಸಣ್ಣಾವು ಎರಡ ದಿನದಾಗ ಹುಟ್ಟಿ ಸತ್ತ ಹೋಗತಾವ, ಅವು ಯಾರಿಗೂ ಕಾಣತಿದ್ದಿಲ್ಲ.

ಆದೋನಿ ಹತ್ತಿ
ಕಾಕಾ, ಸೂರ್ಯ ಬದಲಾಗ್ತಾನೆ, ಕಪಾಟು ಬದಲಾಗಲ್ಲ.

ಪೆರ್ಲದ ಅಡಿಕೆ
ಬದಲಾದದ್ದು ಕಪಾಟೇ ಅಲ್ವಾ ಇಲ್ಲಿ?

ಗುಂಪೆ ಟೀಚರ್, ಕಾಸರಗೋಡು
ಪರೀಕ್ಷೆ ಆಯ್ತು. ಸೋಮವಾರ ಬೆಳಿಗ್ಗೆ, ಬಲ್ಬು ಮೂರು ರಾತ್ರಿ ಆಫ್: ಕಪಾಟು 27 ಡಿಗ್ರಿ, ಗೆರೆ 1412.4. ಬಲ್ಬು ಹಾಕಿ ಒಂದು ಗಂಟೆ: 31 ಡಿಗ್ರಿ, 1413.6. ಮೂರು ಗಂಟೆ: 35 ಡಿಗ್ರಿ, 1414.7. ಇಡೀ ಒಂಬತ್ತನೇ ಕ್ಲಾಸು ಟೆರೇಸಿನಲ್ಲಿ ನಿಂತು ನೋಡಿದೆ, ಗಣಿತದ ಪೀರಿಯಡ್ ಹೋಯ್ತು. ಗಣಿತ ಟೀಚರ್ ಮಾತಾಡ್ತಿಲ್ಲ ನನ್ನ ಹತ್ತಿರ.

ಬಲ್ಬು ಕೆಳಗಿನ ಅರೆಗೆ ಹೋಯ್ತು, ನಡುವೆ ಬಿಸ್ಕೆಟ್ ಡಬ್ಬದ ತಗಡು. ಪೆಟ್ಟಿಗೆ ಪ್ಲಾಸ್ಟಿಕ್ ಡಬ್ಬಿಯ ಒಳಗೆ ಸಿಲಿಕಾ ಜೆಲ್ ಜೊತೆ, ವಯರಿಗೆ ತೂತು ಮಾಡಿ ಮೇಣ ಮೆತ್ತಿದ್ದೇವೆ. ಪುಸ್ತಕಕ್ಕೆ ಎರಡು ಹೊಸ ಕಾಲಂ: ಉಷ್ಣತೆ ಒಂದು, ‘ಇವತ್ತು ಏನು ಮುಟ್ಟಿದ್ದು’ ಅಂತ ಇನ್ನೊಂದು. ಮೊದಲ ಪುಟದ ನಿಯಮ ಹೊಡೆದು ಹಾಕಿ ‘ಓದಲು ಆಗದಿದ್ದರೆ ಆಗಲಿಲ್ಲ ಅಂತ ಬರೀರಿ’ ಅಂತ ಮಾಡಿದ್ದೇನೆ.

ಹೆಡ್ ಮಾಷ್ಟ್ರು ಮೂರು ನಂಬರನ್ನೂ ನೋಡಿದ್ರು. ‘ಆಯ್ತು ಟೀಚರ್, ಆದರೆ ಬೀಗದ ಕೈ ಐದು ಗಂಟೆಯೊಳಗೆ ಆಫೀಸಿಗೆ ಬರ್ಬೇಕು’ ಅಂದ್ರು. ಹೋಗುವಾಗ ತಿರುಗಿ, ಮನೆಯ ಕಪಾಟಿಗೂ ಝೀರೋ ಬಲ್ಬು ಹಾಕಿದ್ದೇನೆ, ಸೀರೆಗೆ ಎಂತಾದ್ರೂ ಆಗ್ತದಾ ಅಂತ ಕೇಳಿದ್ರು.

ಪೆರ್ಲದ ಅಡಿಕೆ
ಸೀರೆ ಮೂರು ಪಿಕ್ಸೆಲ್ ಉದ್ದ ಆಗ್ತದೆ ಅಂತ ಹೇಳಿ.

ಹೊಸೂರು ಗೇಜ್
ತಗಡು ಹಾಕಿದ ಮೇಲೆ ಎಷ್ಟು ಬಂತು ಮೇಡಂ?

ಗುಂಪೆ ಟೀಚರ್, ಕಾಸರಗೋಡು
ನಿನ್ನೆ 1412.5. ಇವತ್ತು ‘ಓದಲು ಆಗಲಿಲ್ಲ’. ಎರಡು ಗಂಟೆಯಿಂದ ಕರೆಂಟಿಲ್ಲ, ಇದನ್ನೂ ಮೊಬೈಲಿನಲ್ಲಿ ಕುಟ್ಟುತ್ತಿದ್ದೇನೆ, ನಾಲ್ಕು ಪರ್ಸೆಂಟ್ ಉಂಟು ಚಾರ್ಜು